ರೀಕಾಲ್ ಬಂತು, ಬಾಡಿ ಕತ್ತರಿಸಬೇಕಂತೆ

ರೀಕಾಲ್, ಅಂದರೆ ತಯಾರಿಕೆಯ ದೋಷ ಸರಿಪಡಿಸಲು ಕಂಪೆನಿ ಕಾರುಗಳನ್ನು ವಾಪಸ್ ಕರೆಯುವುದು, ಎಂದಾಗ ಹೆಚ್ಚಿನವರ ತಲೆಗೆ ಬರುವುದು ಅರ್ಧ ಗಂಟೆಯ ಕೆಲಸ. ಒಂದು ಕಂಟ್ರೋಲರ್ ಬದಲು, ಒಂದು ಪಂಪ್ ಬದಲು, ಇಲ್ಲವೇ ಲ್ಯಾಪ್‌ಟಾಪ್ ಸಿಕ್ಕಿಸಿ ಸಾಫ್ಟ್‌ವೇರ್ ಹಾಕಿ ಕೊಡುತ್ತಾರೆ. ಚಾ ಕುಡಿದು ಬರುವಷ್ಟರಲ್ಲಿ ಕಾರು ರೆಡಿ. ಬಾಡಿಯ ರೀಕಾಲ್ ಹಾಗಲ್ಲ ಮಾರಾಯ್ರೆ. ರನ್ನಿಂಗ್ ಬೋರ್ಡ್ (ಬಾಗಿಲುಗಳ ಅಡಿಯ ಟೊಳ್ಳು ಪಟ್ಟಿ) ಒಳಗಿನ ತುಕ್ಕು, ಫ್ಲೋರ್‌ನಲ್ಲಿ ಬಿಟ್ಟುಕೊಂಡ ವೆಲ್ಡ್, ಸಸ್ಪೆನ್ಶನ್ ಕೂರುವ ಜಾಗದ ಬಿರುಕು, ಇಂಥದ್ದಕ್ಕೆ ಸೀಟು, ಕಾರ್ಪೆಟ್, ವಯರಿಂಗ್ ಎಲ್ಲ ಕಳಚಿ, ಫ್ಯಾಕ್ಟರಿಯವರು ಮುಚ್ಚಿದ ಲೋಹವನ್ನು ಕತ್ತರಿಸಿ ತೆರೆಯಬೇಕು. ‘ಫ್ರೀಯಾ?’ ಎಂದು ಎಲ್ಲರೂ ಕೇಳುತ್ತಾರೆ. ಫ್ರೀಯೇ. ನಮ್ಮ ಕರಾವಳಿಯಲ್ಲಿ ಕಾರು ಇಟ್ಟುಕೊಂಡವರು ಕೇಳಬೇಕಾದ್ದು ಬೇರೆ: ಕತ್ತರಿಸಿ ವೆಲ್ಡ್ ಮಾಡಿದ ಮೇಲೆ ಒಳಗಡೆಗೆ ಎಂತ ಹಾಕುತ್ತೀರಿ?

ಯಾಕೆಂದರೆ ಫ್ಯಾಕ್ಟರಿಯಲ್ಲಿ ಇಡೀ ಬಾಡಿಯನ್ನು ಇ-ಕೋಟ್ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ಆ ಪೈಂಟು ವಿದ್ಯುತ್ತಿನ ಸೆಳೆತಕ್ಕೆ ಪಿಲ್ಲರ್, ರನ್ನಿಂಗ್ ಬೋರ್ಡ್‌ಗಳ ಟೊಳ್ಳಿನೊಳಗೂ ಹೋಗಿ ಕೂರುತ್ತದೆ. ಯಾವ ಗ್ಯಾರೇಜಿಗೂ ಅದನ್ನು ಮತ್ತೆ ಮಾಡಲು ಆಗುವುದಿಲ್ಲ. ವೆಲ್ಡಿಂಗ್ ಬಿಸಿಗೆ ಆ ಪದರ ಹೊರಗೂ ಸುಡುತ್ತದೆ, ಒಳಗೂ ಸುಡುತ್ತದೆ. ಹೊರಗಿನದು ಕಣ್ಣಿಗೆ ಕಾಣುತ್ತದೆ, ಪೈಂಟ್ ಹೊಡೆದು ಚಂದ ಮಾಡುತ್ತಾರೆ. ಒಳಗಿನದು ಹಾಗೇ ಬರಿ ಕಬ್ಬಿಣವಾಗಿ ಉಳಿದರೆ ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸೋರುವ ಉಪ್ಪುನೀರು, ಎಲ್ಲ ಸೇರಿ ಅದನ್ನು ತಿನ್ನುತ್ತವೆ. ಹೊರಗೆ ಗುಳ್ಳೆ ಏಳುವ ಹೊತ್ತಿಗೆ ಒಳಗೆ ತೂತಾಗಿರುತ್ತದೆ.

ಮೊದಲು ನಿಮ್ಮ ಕಾರು ರೀಕಾಲ್ ಪಟ್ಟಿಯಲ್ಲಿದೆಯೇ ಎಂದು ನೋಡಿ. ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರನ್ನು ಕಂಪೆನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಬೇಕು. ಆ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಬರುವುದೇ ಇಲ್ಲ. ಬಂದಂತೆ ಕಂಡರೆ ಅದು ಒಂದು ಅಥವಾ ಸೊನ್ನೆ. ಸೆಕೆಂಡ್‌ಹ್ಯಾಂಡ್ ಕಾರಿನವರು ಪತ್ರಕ್ಕೆ ಕಾದು ಕೂರಬೇಡಿ. ಕಂಪೆನಿಯ ಬಳಿ ಇರುವುದು ಹೆಚ್ಚಾಗಿ ಮೊದಲ ಮಾಲೀಕರ ಫೋನ್ ನಂಬರು. ಮಂಗಳೂರು, ಉಡುಪಿಯ ಕೆಎ 19, ಕೆಎ 20 ನಂಬರಿನ ಎಷ್ಟೋ ಕಾರುಗಳ ಮೊದಲ ಮಾಲೀಕರು ಈಗ ಗಲ್ಫ್‌ನಲ್ಲಿರುತ್ತಾರೆ. ನೀವೇ ಹೋಗಿ ಕಂಪೆನಿಯ ದಾಖಲೆಯಲ್ಲಿ ಹೆಸರು, ನಂಬರು ಬದಲಿಸಿಕೊಳ್ಳಿ.

ಕಾನೂನಿನ ವಿಷಯ ಚಿಕ್ಕದಾಗಿ. 2012ರಿಂದ ನಮ್ಮಲ್ಲಿ ಕಾರು ತಯಾರಕರು ತಾವಾಗಿ ರೀಕಾಲ್ ಮಾಡುವ ಸಂಹಿತೆ ಇದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಈಗ ಕೇಂದ್ರ ಸರಕಾರವೇ ರೀಕಾಲ್‌ಗೆ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಾಗಿ 7 ವರ್ಷ ದಾಟದ ವಾಹನಗಳಿಗೆ ಅವು ಅನ್ವಯಿಸುತ್ತವೆ. ಪಾಲಿಸದ ತಯಾರಕರಿಗೆ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ದೋಷದ ಬಗ್ಗೆ ಮಾಲೀಕರೇ ದೂರು ಕೊಡಲು ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನಲ್ಲಿ ಜಾಗವಿದೆ.

ನೋಟಿಸಿನಲ್ಲಿ ಯಾವ ಕ್ರಿಯಾಪದ ಇದೆ ಎಂದು ನೋಡಿ: ಪರೀಕ್ಷೆಯೋ, ಬಲಪಡಿಸುವುದೋ, ಬದಲಿಸುವುದೋ. ಮೂರರ ನಡುವೆ ಅಜಗಜಾಂತರ. 2023ರ ಜನವರಿಯಲ್ಲಿ ಮಾರುತಿ 11,177 ಗ್ರ್ಯಾಂಡ್ ವಿಟಾರಾಗಳನ್ನು ಹಿಂದಿನ ಸೀಟ್‌ಬೆಲ್ಟ್ ಬ್ರಾಕೆಟ್‌ಗಾಗಿ ಕರೆಯಿತು; ಅದು ನೋಡಿ, ದೋಷವಿದ್ದರೆ ಬದಲಿಸುವ ಕೆಲಸ. ಅದೇ ತಿಂಗಳು ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ 17,362 ಕಾರುಗಳನ್ನು ಕರೆದಾಗ, ಬದಲಿಸುವವರೆಗೆ ಓಡಿಸಬೇಡಿ ಎಂದೇ ಹೇಳಿತ್ತು. ಅಂಥ ಮಾತು ನೋಟಿಸಿನಲ್ಲಿದ್ದರೆ ಕಾರನ್ನು ಓಡಿಸಿಕೊಂಡು ಶೋರೂಮಿಗೆ ಹೋಗಬೇಡಿ. ಫ್ಲಾಟ್‌ಬೆಡ್ ಟೋಯಿಂಗ್ ಕೇಳಿ, ಖರ್ಚು ಯಾರದು ಎನ್ನುವುದನ್ನು ಇಮೇಲ್‌ನಲ್ಲಿ ಮೊದಲೇ ಪಡೆದುಕೊಳ್ಳಿ.

ಪರೀಕ್ಷೆ ಅಂದಾಗ ಅಳತೆಗೋಲು ಯಾವುದೆಂದು ಕೇಳಬೇಕು. ಅಮೆರಿಕದಲ್ಲಿ ಟೊಯೊಟಾದ ಟಕೋಮಾ, ಟಂಡ್ರಾ ಪಿಕಪ್‌ಗಳ ಫ್ರೇಮ್ ತುಕ್ಕಿನ ಪ್ರಕರಣದಲ್ಲಿ ಅಳತೆ ಸ್ಪಷ್ಟವಿತ್ತು: ತುಕ್ಕು ತಿಂದ ತೂತು 10 ಮಿಲಿಮೀಟರ್ ಅಥವಾ ಹೆಚ್ಚಿದ್ದರೆ ಫ್ರೇಮನ್ನೇ ಬದಲಿಸುವುದು. ನಿಮ್ಮ ಕಾರಿಗೂ ಕಂಪೆನಿಯ ಬುಲೆಟಿನ್‌ನಲ್ಲಿ ಇಂಥದ್ದೊಂದು ಗೆರೆ ಇರಬೇಕು. ‘ನೋಡಿದೆವು, ಓಕೆ ಇದೆ’ ಎನ್ನುವ ಉತ್ತರ ಸಾಲದು. ಪರೀಕ್ಷೆಯ ಫೋಟೋ ಕೇಳಿ. ಲಿಫ್ಟ್‌ನ ಅಡಿಗೆ ನೀವೂ ಹೋಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡ್‌ನ ಉದ್ದಕ್ಕೂ ಮೆಲ್ಲನೆ ಬಡಿಯುತ್ತ ಬನ್ನಿ. ಗಟ್ಟಿ ತಗಡು ‘ಟಣ್’ ಅನ್ನುತ್ತದೆ. ತೆಳುವಾದಲ್ಲಿ ಮಂಕಾದ ಸದ್ದು, ಜೊತೆಗೆ ಒಳಗೆ ಪುಡಿ ಉದುರುವ ಸದ್ದು. ಹಿಂದಿನ ಚಕ್ರದ ಮುಂದಿನ ಒಂದು ಗೇಣು ಜಾಗ, ಜ್ಯಾಕ್ ಕೊಡುವ ಜಾಗ, ಎರಡನ್ನೂ ಬಿಡಬೇಡಿ. ಅಡಿಯಲ್ಲಿ ಉದ್ದಕ್ಕೆ ಸಣ್ಣ ನೀರಿನ ತೂತುಗಳಿರುತ್ತವೆ. ನಮ್ಮ ಕೆಂಪು ಮಣ್ಣು ಅಲ್ಲಿ ಒಣಗಿ ಬಿರಡೆಯ ಹಾಗೆ ಕೂತಿರುತ್ತದೆ. ನೀರು ಹೊರಗೆ ಹೋಗುವ ದಾರಿ ಮುಚ್ಚಿದ ಮೇಲೆ ತುಕ್ಕಿಗೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಇಲ್ಲಿ ಒಂದು ಕಿರಿಕಿರಿ ಇದೆ. ಹೊರಗೆ ಎಲ್ಲೋ ಮಾಡಿಸಿದ ಕಪ್ಪು ಅಂಡರ್‌ಬಾಡಿ ಕೋಟಿಂಗ್. ಅದರ ಅಡಿಯಲ್ಲಿ ತುಕ್ಕು ಇದೆಯೋ ಇಲ್ಲವೋ ಯಾರಿಗೂ ಕಾಣದು. ಈಗಾಗಲೇ ಎದ್ದ ತುಕ್ಕಿನ ಮೇಲೆ ಹೊಡೆದರೆ ತೇವವನ್ನು ಒಳಗೇ ಕಟ್ಟಿಹಾಕುತ್ತದೆ. ಆ ನೆಪದಲ್ಲಿ ಡೀಲರ್ ರೀಕಾಲ್ ನಿರಾಕರಿಸಲು ಹೊರಟರೆ, ಸಂಶಯವಿರುವ ಜಾಗದಲ್ಲಿ ಕೋಟಿಂಗ್ ಕೆರೆದು ಪರೀಕ್ಷಿಸಿ ಎಂದು ಬರೆದು ಕೊಡಿ.

ಕಾರು ಬಿಡುವ ಸಮಯವೂ ಮುಖ್ಯ. ನೋಟಿಸಿನಲ್ಲಿ ತುರ್ತು ಇಲ್ಲವಾದರೆ ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ) ಮೊದಲು ಕೆಲಸ ಮುಗಿಯುವ ಹಾಗೆ ನೋಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ತೆರೆದ ಬಾಡಿ ಎಂದರೆ ತಲೆನೋವು. ಬರಿ ಲೋಹದ ಮೇಲೆ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಪೊರೆ ಬರುತ್ತದೆ. ಪುಟ್ಟಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಕಂಪ್ರೆಸರ್ ಲೈನಿನಲ್ಲಿ ನೀರು ಬಂದು ಪೈಂಟಿನಲ್ಲಿ ಗುಳ್ಳೆ ಏಳುತ್ತದೆ. ಲೋಹದ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು ಎನ್ನುವುದು ಪೈಂಟಿಂಗ್‌ನ ಹಳೆಯ ಲೆಕ್ಕ. ಜುಲೈಯಲ್ಲಿ ತೆರೆದ ಶೆಡ್ಡಿನಲ್ಲಿ ಅದು ಸಿಗುವುದು ಕಷ್ಟ. ಮಳೆಗಾಲದಲ್ಲೇ ಕೊಡಬೇಕಾಗಿ ಬಂದರೆ ಏರ್ ಡ್ರೈಯರ್ ಇರುವ, ಮುಚ್ಚಿದ ಬೂತ್ ಇರುವ ಬಾಡಿಶಾಪೇ ಬೇಕು.

ಜಾಬ್ ಕಾರ್ಡಿನಲ್ಲಿ ‘ರೀಕಾಲ್ ವರ್ಕ್’ ಎಂದಷ್ಟೇ ಬರೆದರೆ ಸಹಿ ಹಾಕಬೇಡಿ. ಕ್ಯಾಂಪೇನ್ ನಂಬರು (ಆ ರೀಕಾಲ್‌ಗೆ ಕಂಪೆನಿ ಕೊಟ್ಟ ನಂಬರು), ಬದಲಾಗುವ ಪ್ಯಾನೆಲ್‌ಗಳ ಹೆಸರು ಮತ್ತು ಪಾರ್ಟ್ ನಂಬರು, ಸೀಮ್ ಸೀಲರ್ (ಜೋಡಣೆಯ ಸಂದು ಮುಚ್ಚುವ ಗಮ್), ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನೊಳಗೆ ಹೊಡೆಯುವ, ತುಕ್ಕು ತಡೆಯುವ ಮೇಣ), ಕೊಡುವ ದಿನಾಂಕ, ಬದಲಿ ಕಾರು ಇದೆಯೇ ಇಲ್ಲವೇ, ಎಲ್ಲ ಬರಬೇಕು. ಬಾಡಿ ಪ್ಯಾನೆಲ್‌ಗಳು ಸ್ಥಳೀಯ ಸ್ಟಾಕಿನಲ್ಲಿ ಇರುವುದು ಅಪರೂಪ. ಪಾರ್ಟು ಬಂದ ಮೇಲೆ ಮಾತ್ರ ಕಾರು ಕಳಚಲಿ. ಇಲ್ಲದಿದ್ದರೆ ಸೀಟಿಲ್ಲದ ಕಾರು ವಾರಗಟ್ಟಲೆ ಯಾರ್ಡಿನಲ್ಲಿ ಮಳೆ ತಿನ್ನುತ್ತದೆ. ಇನ್ನೊಂದು: ಇದನ್ನು ಇನ್ಶೂರೆನ್ಸ್ ಕ್ಲೈಮಿಗೆ ಹಾಕಲು ಬಿಡಬೇಡಿ. ದೋಷ ತಯಾರಕರದ್ದು, ಹೋಗುವುದು ನಿಮ್ಮ ನೋ ಕ್ಲೈಮ್ ಬೋನಸ್.

ಚಾಸಿಸ್ ನಂಬರು ಗುದ್ದಿರುವ ಪ್ಯಾನೆಲೇ ಬದಲಾಗುವುದಿದ್ದರೆ ಅಲ್ಲಿಗೆ ನಿಲ್ಲಿಸಿ. ಆರ್‌ಟಿಒ ಅನುಮತಿ ಇಲ್ಲದೆ ಆ ನಂಬರನ್ನು ಮತ್ತೆ ಪಂಚ್ ಮಾಡುವಂತಿಲ್ಲ. ಕಂಪೆನಿಯ ಪತ್ರ, ಹಳೆ ನಂಬರಿನ ಪೆನ್ಸಿಲ್ ಅಚ್ಚು, ಫೋಟೋ ಇವೆಲ್ಲ ಕತ್ತರಿಸುವ ಮೊದಲೇ ಆಗಬೇಕು. ಇಲ್ಲವಾದರೆ ಕಾರು ಮಾರುವ ದಿನ, ಎಫ್‌ಸಿ ದಿನ, ನೀವು ಕಳ್ಳರ ಹಾಗೆ ನಿಲ್ಲಬೇಕಾಗುತ್ತದೆ.

ಇನ್ನು ಕೆಲಸ. ಬ್ಯಾಟರಿಯ ನೆಗೆಟಿವ್ ಕಳಚಿ, ಏರ್‌ಬ್ಯಾಗ್ ಸರ್ಕಿಟ್ ಖಾಲಿಯಾಗಲು ಕೈಪಿಡಿಯಲ್ಲಿ ಹೇಳಿದಷ್ಟು ನಿಮಿಷ ಕಾದು, ವೆಲ್ಡಿಂಗ್ ಹತ್ತಿರದ ಇಸಿಯು (ಎಲೆಕ್ಟ್ರಾನಿಕ್ ಕಂಟ್ರೋಲರ್) ಮತ್ತು ವಯರಿಂಗ್ ತೆಗೆಯುತ್ತಾರೆ. ಹಿಂದಿನ ಫ್ಲೋರ್ ಆದರೆ ಟ್ಯಾಂಕನ್ನೂ ಇಳಿಸಬೇಕು. ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದ ಹಳೆಯ ಸ್ಪಾಟ್ ವೆಲ್ಡ್‌ಗಳನ್ನು 8 ಮಿಲಿಮೀಟರಿನ ಕಟರ್‌ನಿಂದ, ಮೇಲಿನ ತಗಡಿನಷ್ಟೇ ಆಳಕ್ಕೆ ಕೊರೆಯಬೇಕು. ಗ್ರೈಂಡರ್ ಹಿಡಿದು ಸೀಳಿದರೆ ಅಡಿಯ ತಗಡೂ ತೆಳುವಾಗುತ್ತದೆ.

ನಮ್ಮೂರ ಟಿಂಕರಿಂಗ್‌ನವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೆ ಈಗಿನ ಕಾರಿನ ಎರಡು ಬಾಗಿಲುಗಳ ನಡುವಿನ ಬಿ ಪಿಲ್ಲರ್‌ನಂಥ ಜಾಗಗಳಲ್ಲಿ ಇರುವುದು ಬೋರಾನ್ ಸ್ಟೀಲ್, 1,500 ಮೆಗಾಪಾಸ್ಕಲ್ ಆಸುಪಾಸಿನ ಬಲದ್ದು. ಗ್ಯಾಸ್ ಬೆಂಕಿ ತೋರಿಸಿದರೆ ಆ ಬಲ ಹೋಯಿತು. ನೋಡಲು ಮಾತ್ರ ಹಾಗೇ ಇರುತ್ತದೆ. ಅದನ್ನು ಕತ್ತರಿಸುವುದು, ಕೂಡಿಸುವುದು ಕೈಪಿಡಿ ಗುರುತಿಸಿದ ಜೋಡಣೆಯಲ್ಲಿ ಮಾತ್ರ. ಆದ್ದರಿಂದ ಜಿಗ್ (ಬಾಡಿಯನ್ನು ಅಳತೆಗೆ ಹಿಡಿದಿಡುವ ಚೌಕಟ್ಟು) ಇಲ್ಲದ, ಸ್ಪಾಟ್ ವೆಲ್ಡಿಂಗ್ ಗನ್ ಇಲ್ಲದ ಡೀಲರ್ ಶಾಪಿಗಿಂತ, ಸ್ವಲ್ಪ ದೂರವಾದರೂ ಅವೆರಡೂ ಇರುವ ಕಂಪೆನಿ ಬಾಡಿಶಾಪ್ ಕೇಳಿ ಪಡೆಯಿರಿ. ಹೊಸ ಪ್ಯಾನೆಲ್ ಕೂರಿಸಿ ವೆಲ್ಡ್ ಮಾಡುವ ಮೊದಲು ಕರ್ಣಗಳ ಅಳತೆ ನೋಡಬೇಕು. ಸಾಮಾನ್ಯವಾಗಿ 3 ಮಿಲಿಮೀಟರ್ ಆಚೀಚೆ ಅಷ್ಟೇ ರಿಯಾಯಿತಿ.

ಹೊಸ ಪ್ಯಾನೆಲ್ ಕಪ್ಪು ಬಣ್ಣದಲ್ಲಿ ಬರುತ್ತದೆ. ಆ ಕಪ್ಪೇ ಇ-ಕೋಟ್, ಅಂದರೆ ನಿಮ್ಮ ಆಸ್ತಿ. ಚೊಕ್ಕ ಮಾಡುತ್ತೇನೆಂದು ಪೂರ್ತಿ ಉಜ್ಜಿ ಬೆಳ್ಳಗೆ ಮಾಡುವವರಿದ್ದಾರೆ, ಬಿಡಬೇಡಿ. ವೆಲ್ಡ್ ಬೀಳುವ ಅಂಚು ಮಾತ್ರ ಬರಿದಾಗಬೇಕು. ಆ ಅಂಚಿನ ಎರಡೂ ಮುಖಕ್ಕೆ ಸತುವಿನ ವೆಲ್ಡಿಂಗ್ ಪ್ರೈಮರ್ ತೆಳ್ಳಗೆ ಹೊಡೆಯಬೇಕು. ದಪ್ಪವಾದರೆ, ಅಥವಾ ಪ್ಲಗ್ ವೆಲ್ಡಿನ (ಮೇಲಿನ ತಗಡಿನ ತೂತು ತುಂಬಿ ಬೆಸೆಯುವುದು) ತೂತಿನೊಳಗೆ ಉಳಿದರೆ, ಸತು ಕುದಿದು ವೆಲ್ಡಿನಲ್ಲಿ ಸೂಜಿ ತೂತುಗಳು ಬರುತ್ತವೆ. ತೂತಿನ ಬಾಯಿ ಕೆರೆದ ಮೇಲೆಯೇ ಮಿಗ್ ವೆಲ್ಡಿಂಗ್ ಗನ್ ಹಿಡಿಯಬೇಕು. ಈ ಹಂತದ ಫೋಟೋ ಸಿಕ್ಕಿದರೆ ಅರ್ಧ ಗೆದ್ದ ಹಾಗೆ.

ನಂತರ ಎಪಾಕ್ಸಿ ಪ್ರೈಮರ್, ಎಲ್ಲ ಜೋಡಣೆಗೂ ಸೀಮ್ ಸೀಲರ್, ಅಡಿಗೆ ಸ್ಟೋನ್ ಚಿಪ್ ಕೋಟ್, ಬಣ್ಣ, ಕ್ಲಿಯರ್, ಬೂತ್‌ನಲ್ಲಿ 60 ಡಿಗ್ರಿಯಲ್ಲಿ ಅರ್ಧ ಗಂಟೆ ಆಸುಪಾಸು ಬೇಕಿಂಗ್. ಪರ್ಲ್ ಬಣ್ಣವಾದರೆ ಪಕ್ಕದ ಪ್ಯಾನೆಲ್‌ಗೂ ಸ್ವಲ್ಪ ಹರಡಿಸದೆ ಹೊಂದುವುದಿಲ್ಲ.

ಕ್ಯಾವಿಟಿ ವ್ಯಾಕ್ಸ್ ಬರುವುದು ಬೇಕಿಂಗ್ ಆದ ಮೇಲೆ. ಮೊದಲೇ ಹಾಕಿದರೆ ಬಿಸಿಗೆ ಕರಗಿ ಹರಿಯುತ್ತದೆ, ಪೈಂಟನ್ನೂ ಕೆಡಿಸುತ್ತದೆ. ಕಾರು ಕೊಡುವ ದಿನದ ಗಡಿಬಿಡಿಯಲ್ಲಿ ತಪ್ಪಿಹೋಗುವುದೂ ಇದೇ. ಸುತ್ತಲೂ ಚಿಮ್ಮುವ ನಳಿಕೆಯನ್ನು ಉದ್ದದ ಪೈಪಿನಲ್ಲಿ ರನ್ನಿಂಗ್ ಬೋರ್ಡ್‌ನ ಕೊನೆಯವರೆಗೆ ತೂರಿಸಿ, ನಿಧಾನ ಹಿಂದಕ್ಕೆ ಎಳೆಯುತ್ತ ಸ್ಪ್ರೇ ಮಾಡಬೇಕು. ನೀರಿನ ತೂತುಗಳಿಂದ ಕಂದು ಹನಿ ತೊಟ್ಟಿಕ್ಕಿದರೆ ಒಳಗೆ ತಲುಪಿದೆ ಎಂದರ್ಥ. ಚಿಕ್ಕ ಕಾರಿನ ಎರಡೂ ಬದಿಗೆ 500 ಮಿಲಿಯ ಒಂದು ಕ್ಯಾನ್ ಹೆಚ್ಚುಕಡಿಮೆ ಸಾಕು. ಮರುದಿನ ಆ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಲೇಬೇಕು.

ಗಾಜು ಬಿಚ್ಚಿದ್ದರೆ ಒಂದು ತಮಾಷೆ: ಗಾಜು ಅಂಟಿಸುವ ಯುರಿಥೇನ್ ಗಮ್ ಗಾಳಿಯ ತೇವದಿಂದಲೇ ಗಟ್ಟಿಯಾಗುವುದು, ಹಾಗಾಗಿ ಮಳೆಗಾಲ ಅದಕ್ಕೆ ಒಳ್ಳೆಯದೇ. ಆದರೆ ಹಳೆ ಗಮ್ ಕೊಯ್ಯುವಾಗ ಚೌಕಟ್ಟಿನಲ್ಲಿ ಬಿದ್ದ ಗೀರಿಗೆ ಪ್ರೈಮರ್ ಹಚ್ಚದಿದ್ದರೆ ಮುಂದಿನ ತುಕ್ಕು ಹುಟ್ಟುವುದು ಅಲ್ಲೇ.

ಡೆಲಿವರಿ ಹಗಲಲ್ಲಿ ತೆಗೆದುಕೊಳ್ಳಿ. ಪೈಂಟ್ ದಪ್ಪ ಅಳೆಯುವ ಮೀಟರ್ ಇಡಿಸಿ: ಫ್ಯಾಕ್ಟರಿ ಪೈಂಟು 100ರಿಂದ 150 ಮೈಕ್ರಾನ್, ಹೊಸದಾಗಿ ಹೊಡೆದದ್ದು 200ರಿಂದ 300. 500 ದಾಟಿದರೆ ಅಡಿಯಲ್ಲಿ ಪುಟ್ಟಿ ಇದೆ. ಹೊಸ ಪ್ಯಾನೆಲ್ ಹಾಕಿದ ಜಾಗದಲ್ಲಿ ಅಷ್ಟು ಪುಟ್ಟಿ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಬಾಗಿಲುಗಳ ಸಂದು ಎರಡೂ ಬದಿ ಒಂದೇ ಇರಬೇಕು. ಏರ್‌ಬ್ಯಾಗ್ ಲೈಟು ಸ್ಟಾರ್ಟ್ ಆದ ಕೆಲವೇ ಸೆಕೆಂಡಿಗೆ ಆರಬೇಕು. ಆರದಿದ್ದರೆ ಕನೆಕ್ಟರ್ ಜೊತೆಗೆ ಅರ್ಥ್ ಬೋಲ್ಟುಗಳನ್ನೂ ನೋಡಿ. ಅವುಗಳ ಅಡಿಗೆ ಪೈಂಟ್ ಸೇರಿಕೊಳ್ಳುವುದು ಸಾಮಾನ್ಯ. ನಾಲ್ಕೂ ಚಕ್ರದ ಅಲೈನ್‌ಮೆಂಟ್ ಪ್ರಿಂಟ್, ಮುಂದಿನ ಗಾಜಿನಲ್ಲಿ ಕ್ಯಾಮೆರಾ ಇದ್ದರೆ ಅದರ ಕ್ಯಾಲಿಬ್ರೇಶನ್ ವರದಿ, ಹಳೆ ಪ್ಯಾನೆಲಿನ ಫೋಟೋ, ಇಷ್ಟು ಕೈಗೆ ಬರಲಿ.

ಮಾತು ಕೇಳದಿದ್ದರೆ ಮೊದಲು ಕಂಪೆನಿಯ ಕಸ್ಟಮರ್ ಕೇರ್‌ಗೆ ಇಮೇಲ್, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪೆನಿ ಎಲ್ಲೇ ಇರಲಿ. ಅವಧಿ 2 ವರ್ಷ. ಶುಲ್ಕ ಕಾರಿಗೆ ಕೊಟ್ಟ ಬೆಲೆಯ ಮೇಲೆ: 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400.

ಮೊದಲ ದೊಡ್ಡ ಮಳೆ ಬಂದ ಮರುದಿನ ಮುಂದಿನ ಎರಡೂ ಸೀಟಿನ ಅಡಿಯ ಕಾರ್ಪೆಟ್ ಎತ್ತಿ ಹಳೆ ಪೇಪರ್ ಒತ್ತಿ ನೋಡಿ. ಪೇಪರ್ ಒದ್ದೆಯಾದರೆ ಸೀಲರ್ ಎಲ್ಲೋ ಬಿಟ್ಟಿದೆ. ಅದೇ ಜಾಬ್ ಕಾರ್ಡ್ ಹಿಡಿದುಕೊಂಡು ಅದೇ ವಾರ ವಾಪಸ್ ಹೋಗಿ.