ತಾರಸಿ ಸೋರುತ್ತಿದೆಯೇ? ಬಣ್ಣದ ಡಬ್ಬಿ ಕೊನೆಗೆ ಬರಲಿ

ಚಾವಣಿಯಲ್ಲಿ ತೇವದ ಕಲೆ ಕಂಡ ಕೂಡಲೇ ಅದರ ನೇರ ಮೇಲಕ್ಕೆ ಹೋಗಿ ವಾಟರ್‌ಪ್ರೂಫಿಂಗ್ ಬಳಿಯುವುದು ವಾಡಿಕೆ. ಆದರೆ ನೀರು ನೇರವಾಗಿ ಇಳಿಯುವುದು ಕಡಿಮೆ. ಗಾರೆಯ ಬಿರುಕಿನಲ್ಲಿ ಹೊಕ್ಕಿದ್ದು ಗಾರೆಗೂ ಕಾಂಕ್ರೀಟಿಗೂ ನಡುವಿನ ಸಂದಿಯಲ್ಲಿ ಹರಿದು, ಸ್ಲ್ಯಾಬ್ ಎಲ್ಲಿ ದಾರಿ ಕೊಡುತ್ತದೋ ಅಲ್ಲಿ ಜಿನುಗುತ್ತದೆ.

ಮೊದಲು ಜಾಗ ಪತ್ತೆ ಮಾಡಿ. ನೀರು ಹೋಗುವ ಪೈಪಿನ ಬಾಯಿ ಮುಚ್ಚಿ, ಗಾರೆಯಿಂದ ಪುಟ್ಟ ಕಟ್ಟೆ ಕಟ್ಟಿ, ಒಂದೊಂದೇ ಭಾಗದಲ್ಲಿ 25 ಮಿ.ಮೀ. ನೀರು ನಿಲ್ಲಿಸಿ 48 ಗಂಟೆ ಕಾಯಿರಿ. ಇಷ್ಟು ನೀರೆಂದರೆ ಚದರ ಮೀಟರಿಗೆ 25 ಕೆ.ಜಿ. ಭಾರ. ಕೆಳಗೆ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದರೆ ಈ ಪರೀಕ್ಷೆ ಬೇಡ, ಮೊದಲು ಎಂಜಿನಿಯರಿಗೆ ತೋರಿಸಿ.

ವಾಟ, ಅಂದರೆ ನೀರು ಹರಿದುಹೋಗಲು ಕೊಟ್ಟ ಇಳಿಜಾರು, ನೋಡಲು ಉಪಕರಣವೇ ಬೇಕೆಂದಿಲ್ಲ. ಮಳೆ ನಿಂತ ಮೇಲೆ ಒಣಗುವ ತಾರಸಿಯಲ್ಲಿ ದೂಳಿನ ಬಳೆಗಳು ಉಳಿಯುತ್ತವೆ. ಆ ಬಳೆಯ ಒಳಗಿರುವುದೇ ತಗ್ಗು. ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ. ಮೀಟರಿಗೆ ಕನಿಷ್ಠ 10 ಮಿ.ಮೀ. ವಾಟ ಇರಬೇಕು. ತಗ್ಗನ್ನು ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬದೆ ಮೇಲೆ ಏನು ಬಳಿದರೂ, ನಿಂತ ನೀರಿನಡಿಯಲ್ಲಿ ಅಕ್ರಿಲಿಕ್ ಪದರ ಮೆತ್ತಗಾಗಿ ಏಳುತ್ತದೆ.

ಬಿರುಕಿನ ಮೇಲೆ ಬರೀ ಸಿಮೆಂಟ್ ಹಾಲು ಸವರಿದರೆ ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ಬಾಯಿ ಬಿಡುತ್ತದೆ. ಕೂದಲೆಳೆಯ ಬಿರುಕಿಗೆ ಮೇಲಿನ ಪದರವೇ ಸಾಕು. ಅದಕ್ಕಿಂತ ದೊಡ್ಡದಾಗಿ, ಬಿಸಿಲು ತಂಪಿಗೆ ಹಿಗ್ಗಿ ಕುಗ್ಗುವಂತಿದ್ದರೆ, ಕಟರ್‌ನಿಂದ 12 ಮಿ.ಮೀ. ಅಗಲಕ್ಕೆ ಕೊರೆದು, ದೂಳು ಊದಿ, ತಳಕ್ಕೆ ಫೋಮ್ ಹುರಿ ಒತ್ತಿ, ಅದರ ಮೇಲೆ 6 ಮಿ.ಮೀ. ದಪ್ಪ ಪಾಲಿಯುರೆಥೇನ್ ಸೀಲಂಟ್ ತುಂಬಿ. ಹುರಿ ಬಿಟ್ಟರೆ ಸೀಲಂಟ್ ತಳಕ್ಕೂ ಅಂಟಿಕೊಳ್ಳುತ್ತದೆ. ಮೂರು ಕಡೆ ಹಿಡಿದದ್ದು ಹಿಗ್ಗಲಾರದೆ ಸೀಳುತ್ತದೆ.

ಸೋರಿಕೆ ಹೆಚ್ಚಾಗಿ ಶುರುವಾಗುವುದು ಪ್ಯಾರಪೆಟ್ ಗೋಡೆಯ ಬುಡದಲ್ಲಿ ಮತ್ತು ಪೈಪಿನ ಸುತ್ತ. ಆ ಮೂಲೆಗೆ 50 ಮಿ.ಮೀ. ಗೋಲಾ, ಅಂದರೆ ಗಾರೆಯ ದುಂಡನೆಯ ಅಂಚು, ಕೊಡಿ. ಚೂಪು ಮೂಲೆಯಲ್ಲಿ ಪದರ ತೆಳುವಾಗಿ ಅಲ್ಲೇ ಸೀಳುತ್ತದೆ. ಲೇಪನವನ್ನು ಗೋಡೆಗೆ 300 ಮಿ.ಮೀ. ಏರಿಸಿ.

ಇನ್ನು ಡಬ್ಬಿ ತೆರೆಯಬಹುದು, ತಾರಸಿ ಒಣಗಿದ್ದರೆ ಮಾತ್ರ. ಅರ್ಧ ಮೀಟರಿನ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು. ಒಳಗೆ ಸಿಕ್ಕಿದ ತೇವ ಬಿಸಿಲಿಗೆ ಆವಿಯಾಗಿ ಪದರವನ್ನು ಗುಳ್ಳೆ ಎಬ್ಬಿಸುತ್ತದೆ. ಒಣಗಿದ ಮೇಲೆ ಪ್ರೈಮರ್, ನಂತರ ಕನಿಷ್ಠ ಎರಡು ಕೋಟ್, ಒಂದಕ್ಕೊಂದು ಅಡ್ಡ. ಮೂಲೆ, ಬಿರುಕುಗಳ ಮೇಲೆ ಮೊದಲ ಕೋಟ್ ಹಸಿಯಿರುವಾಗಲೇ ಫೈಬರ್‌ಗ್ಲಾಸ್ ಜಾಲರಿ ಒತ್ತಿ.

ಇಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ. ಒಣಗಿದ ಮೇಲೆ 1 ಮಿ.ಮೀ. ದಪ್ಪ ಉಳಿಯಬೇಕಾದರೆ, ಅರ್ಧ ಪಾಲು ಘನಾಂಶವಿರುವ ಲೇಪನ ಚದರ ಮೀಟರಿಗೆ 2 ಲೀಟರ್ ಹೋಗಲೇಬೇಕು. 50 ಚದರ ಮೀಟರ್ ತಾರಸಿ 40 ಲೀಟರಿಗೆ ಮುಗಿಯಿತೆಂದರೆ ಬಿದ್ದಿರುವುದು 0.4 ಮಿ.ಮೀ. ಮಾತ್ರ. ಖಾಲಿ ಡಬ್ಬಿಗಳನ್ನು ಎಣಿಸಿಯೇ ಕೆಲಸಗಾರರನ್ನು ಕಳಿಸಿ.

ಒಂದು ವಾರ ಪದರ ಗಟ್ಟಿಯಾಗಲಿ. ಮತ್ತೆ ನೀರು ನಿಲ್ಲಿಸಿ ನೋಡಿ, ಕೆಳಗೆ ಪೂರ್ತಿ ಒಣಗಿದ ಮೇಲಷ್ಟೇ ಚಾವಣಿಗೆ ಪುಟ್ಟಿ, ಬಣ್ಣ.