ತಮ್ಮನ ಕಾರು, ಯಾರದೋ ಆಟೊ

ನಮ್ಮ ಕಾಕಾನ ಮಗ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ. ಮರುದಿನವೇ ಫೋನು. "ಅಣ್ಣಾ, ಓಡೋ ಗಾಡಿದು ಫೋಟೊ ಹೊಡಿ. ಕತ್ತಲದಾಗ ಛಂದ ಬರ್ತದ." ಮೇ ತಿಂಗಳ ಕಲಬುರಗಿಯಲ್ಲಿ ಹಗಲು ರಸ್ತೆಗೆ ನಿಲ್ಲೋಕಂತೂ ಆಗಲ್ಲ. ರಾತ್ರಿ ಏಳೂವರೆಗೆ ರಿಂಗ್ ರೋಡಿಗೆ ಹೋದೆವು. 60 ದಾಟಬೇಡ ಅಂತ ಅವನಿಗೆ ಹೇಳಿ, ನಾನು ರಸ್ತೆಯಿಂದ ದೂರ, ಮಿರ್ಚಿ ಭಜಿ ಬಂಡಿಯ ಪಕ್ಕ ನಿಂತೆ.

ಮೊದಲು ಶಟರ್ ಸ್ಪೀಡ್, ಅಂದರೆ ಶಟರ್ ತೆರೆದಿರೋ ಹೊತ್ತು, ಸೆಕೆಂಡಿನ 1/1000 ಇಟ್ಟೆ. ಓಡೋ ಗಾಡಿ ಅಂದರೆ ಜಾಸ್ತಿ ಶಟರ್ ಸ್ಪೀಡ್ ಅಲ್ವಾ? ಬಂದಿದ್ದು ಎರಡು ಹೆಡ್‌ಲೈಟು, ಸುತ್ತ ಕಗ್ಗತ್ತಲು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಸ್ಪಂದಿಸೋ ಮಟ್ಟ, 6400ಕ್ಕೆ ಏರಿಸಿದೆ. ರವೆ ಚೆಲ್ಲಿದ ಹಾಗೆ ಕಾಳು ಕಾಳು. ಅದರ ಮೇಲೆ ಒಂದು ಫೋಟೊ ಬೆಳಕು, ಮುಂದಿನದು ಮಬ್ಬು. ಇದು ಬೀದಿದೀಪದ ಕಾಟ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗಲ್ಲ, 1/1000ಕ್ಕೆ ಗೊತ್ತಾಗುತ್ತೆ.

ಕೊನೆಗೆ ಓಡೋ ಕಾರನ್ನು ಫೋಟೊದಲ್ಲಿ ನಿಂತ ಹಾಗೆ ಹಿಡಿಯೋ ಆಸೆ ಬಿಟ್ಟೆ. ಶಟರ್ 1/30, ಲೆನ್ಸಿನ ಬಾಯಿ ದೊಡ್ಡದಾಗಿ ತೆರೆದು ಎಫ್/2.8, ಐಎಸ್‌ಒ 1600. ಎಲ್ಲಾ ಮ್ಯಾನುವಲ್, ಯಾಕಂದ್ರೆ ಹೆಡ್‌ಲೈಟ್ ಕಂಡರೆ ಕ್ಯಾಮೆರಾ ಹೆದರಿ ಉಳಿದದ್ದೆಲ್ಲ ಕಪ್ಪು ಮಾಡುತ್ತೆ. ಆಟೊಫೋಕಸ್ ಕೂಡ ಕತ್ತಲಲ್ಲಿ ತಡಕಾಡುತ್ತೆ, ಅದಕ್ಕೇ ರಸ್ತೆಯ ಬಿಳಿ ಗೆರೆಗೆ ಮೊದಲೇ ಫೋಕಸ್ ಮಾಡಿಟ್ಟೆ. 1/30ರಲ್ಲಿ 60ರ ಸ್ಪೀಡಿನ ಗಾಡಿ ಅರ್ಧ ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತೆ. ಅಷ್ಟೂ ಹೊತ್ತು ಕ್ಯಾಮೆರಾ ಅದರ ಜೊತೆಗೇ ತಿರುಗಬೇಕು, ಆಗ ಗಾಡಿ ಸ್ಪಷ್ಟ, ಹಿಂದಿನದಷ್ಟೇ ಹರಿದ ಹಾಗೆ ಬರುತ್ತೆ. ಕಾಲು ಊರಿ, ಸೊಂಟದಿಂದ ಮೇಲೆ ಮಾತ್ರ. ನಾನು ಕ್ಲಿಕ್ ಅಂದ ಕೂಡಲೇ ನಿಂತುಬಿಡ್ತಿದ್ದೆ. ಹತ್ತು ಹನ್ನೆರಡು ಫೋಟೊ ಅದರಿಂದಲೇ ಹಾಳಾದವು.

ನಡುವೆ ಭಜಿ ಬಂಡಿಯವರು ಕೇಳಿದರು, "ಏನ್ರೀ ಸರ, ಚೆಕ್ಕಿಂಗ್ ಅದ ಏನ್ರಿ?" ಇಬ್ಬರು ಬೈಕಿನವರಂತೂ ನನ್ನ ನೋಡಿ, ಟ್ಯಾಂಕ್ ಮೇಲಿದ್ದ ಹೆಲ್ಮೆಟ್ ತಲೆಗೇರಿಸಿದರು.

ತಮ್ಮನದೂ ನನ್ನದೇ ಕಥೆ, ಬೇಕಾದ ಹೊತ್ತಿಗೇ ನಿಲ್ಲೋದು. ದೂರದಿಂದ ಚೆನ್ನಾಗೇ ಬರ್ತಾನೆ, ನನ್ನ ಹತ್ತಿರ ಬಂದಾಗ ಪೋಸ್ ಕೊಡೋಕೆ ಬ್ರೇಕ್ ಒತ್ತುತ್ತಾನೆ. ತಿರುಗೋ ನನ್ನ ಕ್ಯಾಮೆರಾ ಮುಂದೆ, ಕಾರು ಹಿಂದೆ. ಎಂಟು ಸುತ್ತು ಹೊಡೆದರೂ ಒಂದೂ ಸರಿ ಬರಲಿಲ್ಲ.

ಬಂದಿದ್ದು ಒಂದು ಆಟೊ. ಯಾರದೋ ಏನೋ. ಹಿಂದಿನ ಅಂಗಡಿ ದೀಪಗಳೆಲ್ಲ ಎಳೆದ ದಾರದ ಹಾಗೆ ಅಡ್ಡಡ್ಡ ಹರಿದಿವೆ. ನಡುವೆ ಡ್ರೈವರ್ ಹೆಗಲ ಮೇಲಿನ ಟವೆಲ್ಲಿನ ಕೆಂಪು ಅಂಚು ಕೂಡ ಎಣಿಸೋ ಹಾಗೆ ಕಾಣುತ್ತೆ.

ಅದನ್ನೇ ತಮ್ಮನಿಗೆ ಕಳಿಸಿದೆ. ಎರಡು ದಿನ ಮಾತಿಲ್ಲ. ನಿನ್ನೆ ಮೆಸೇಜ್ ಹಾಕಿದ್ದಾನೆ: "ಐತವಾರ ಬರ್ತೀನಿ. ಬ್ರೇಕ್ ಒತ್ತಂಗಿಲ್ಲ."