ಶಾಕಾ ಡಯೋರಾಮಾ: ಮರ ನಿಂತವು, ಜಪಮಾಲೆ ಬಾಕಿ

ಜಪಾನಿನ ಅನಿಮೆ ಸೇಂಟ್ ಸೇಯಾದ ಶಾಕಾ ಅನ್ನುವ ಪಾತ್ರದ ಡಯೋರಾಮಾ (ಒಂದು ದೃಶ್ಯದ ಪುಟ್ಟ ಮಾದರಿ) ಮಾಡುತ್ತಿದ್ದೇನೆ, ಅದರ ಎರಡೂ ಮರ ಎದ್ದು ನಿಂತಿವೆ. ತಾಮ್ರದ ತಂತಿ ಹೊಸೆದು ಕಾಂಡ ಮಾಡಿ, ಮೇಲೆ ಎಂ-ಸೀಲ್ ಮೆತ್ತಿ, ಅದು ಗಟ್ಟಿಯಾಗುವ ಮುಂಚೆ ಹಳೇ ಟೂತ್‌ಬ್ರಶ್‌ನಲ್ಲಿ ತೊಗಟೆಯ ಗೆರೆ ಎಳೆದೆ. ಕೆಳಗಿನ ನೆಲ ಥರ್ಮಾಕೋಲ್, ಅದರಲ್ಲಿ ಹೇಳುವಂಥದ್ದೇನಿಲ್ಲ.

ಸೇಂಟ್ ಸೇಯಾದ ಹೇಡಿಸ್ ಭಾಗ (2002ರಲ್ಲಿ ಶುರುವಾದ ಸರಣಿ) ನೋಡದವರು ಇಲ್ಲೇ ನಿಲ್ಲಿಸಿ, ಮುಂದೆ ಕಥೆ ಪೂರ್ತಿ ಬಿಟ್ಟುಕೊಡುತ್ತೇನೆ.

ಶಾಕಾ ಕನ್ಯಾ ರಾಶಿಯ ಗೋಲ್ಡ್ ಸೇಂಟ್, ಅಂದರೆ ಅಥೀನಾ ದೇವಿಯ ಯೋಧ, ಹುಟ್ಟಿದ್ದು ಭಾರತದಲ್ಲಿ. ಸತ್ತ ಗೋಲ್ಡ್ ಸೇಂಟ್‌ಗಳು ಪಾತಾಳದ ದೇವರು ಹೇಡಿಸ್ ಕಡೆಯವರಾಗಿ ಎದ್ದು ಬಂದಿದ್ದಾರೆ: ಸಾಗಾ, ಕಾಮ್ಯು, ಶೂರಾ. ಈ ಮೂವರನ್ನು ಶಾಕಾ ಜೋಡಿ ಸಾಲವೃಕ್ಷಗಳ ತೋಟಕ್ಕೆ ಕರೆದುಕೊಂಡು ಹೋಗಿ, ಒಂದೊಂದೇ ಇಂದ್ರಿಯ ಕಿತ್ತುಕೊಳ್ಳುತ್ತಾ, ಮೂವರು ಸೇರಿ ಒಬ್ಬನ ಮೇಲೆ ಬಳಸಲೇಬಾರದ ಅಥೀನಾ ಎಕ್ಸ್‌ಕ್ಲಮೇಶನ್ ಅನ್ನುವ ದಾಳಿ ಬಿಟ್ಟು ಅವರಿಗೆ ಬೇರೆ ದಾರಿಯೇ ಉಳಿಯದಂತೆ ಮಾಡುತ್ತಾನೆ. ಅಂದರೆ ಅವನು ಸೋತು ಸಾಯುವುದಿಲ್ಲ. ಸಾಯಲೆಂದೇ ಜಾಗ ಆರಿಸಿಕೊಂಡಿದ್ದಾನೆ, ಕುಶಿನಗರದಲ್ಲಿ ಬುದ್ಧ ಕೊನೆಗಾಲದಲ್ಲಿ ಮಲಗಿದ ಹಾಗೇ ಎರಡು ಸಾಲ ಮರಗಳ ನಡುವೆ. ಹಾಗಾಗಿ ಹೊಡೆದಾಟದ ಭಂಗಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಪದ್ಮಾಸನ, ಕಣ್ಣು ಮುಚ್ಚಿದೆ, ಅಷ್ಟೇ. ಅಂಗಡಿಯಲ್ಲಿ ಸಿಗುವ ಶಾಕಾ ಬೊಂಬೆಗಳು ಕೈ ಚಾಚಿ ಬೆಂಕಿ ಉಗುಳುವಂತೆ ನಿಂತಿದ್ದರೆ ನನಗೆ ಅದು ಬೇರೆ ಯಾರೋ ಅನ್ನಿಸುತ್ತದೆ.

ಸಾಯುವಾಗ ರಕ್ತದಲ್ಲಿ ಸಾಲದ ಹೂವಿನ ಎಸಳುಗಳ ಮೇಲೆ ಬರೆದು ಅಥೀನಾಗೆ ಕಳಿಸುವ ಮಾತು 'ಆರಯಾಶಿಕಿ', ನಮ್ಮ ಆಲಯವಿಜ್ಞಾನ. ಬೌದ್ಧ ಚಿಂತಕರಾದ ಅಸಂಗ, ವಸುಬಂಧು ಹೇಳಿದ ಎಂಟನೇ ವಿಜ್ಞಾನ (ಇಲ್ಲಿ ವಿಜ್ಞಾನ ಅಂದರೆ ಪ್ರಜ್ಞೆ), ಕರ್ಮದ ಬೀಜಗಳೆಲ್ಲ ಕೂಡಿಟ್ಟಿರುವ ತಳ. ಜಪಾನಿನ ನಾರಾದಲ್ಲಿರುವ ಕೋಫುಕುಜಿ ದೇವಾಲಯದ ಹೊಸ್ಸೋ ಪಂಥ ಇವತ್ತಿಗೂ ಅದೇ ಪರಂಪರೆಯದು. ಕಥೆಯಲ್ಲಿ ಮಾತ್ರ ಅದು ಜೀವಂತವಾಗಿ ಪಾತಾಳಕ್ಕೆ ಇಳಿಯುವ ಶಕ್ತಿ. ಕಥೆ ಬರೆದ ಕುರುಮಾಡಾ ತತ್ವವನ್ನು ಸೂಪರ್ ಪವರ್ ಮಾಡಿಬಿಟ್ಟರು ಅಂತ ಗೊಣಗಬಹುದು, ಆದರೂ ಆ ದೃಶ್ಯ ಕೆಲಸ ಮಾಡುತ್ತದೆ ಅಲ್ವಾ?

ಎಸಳುಗಳಿಗೆ ಟಿಶ್ಯೂ ಪೇಪರ್, ತಿಳಿ ಹಳದಿ. ಜಪಾನಿನ ದೇವಾಲಯಗಳಲ್ಲಿ 'ಸಾಲ' ಅಂತ ಬೆಳೆಸುವುದು ಹೆಚ್ಚಾಗಿ ನಾತ್ಸುತ್ಸುಬಾಕಿ ಅನ್ನುವ ಬೇರೆ ಮರ, ಅದರ ಹೂವು ಬಿಳಿ. ಅಲ್ಲಿನ ಚಳಿಗೆ ನಿಜವಾದ ಸಾಲ ತಾಳುವುದಿಲ್ಲ. ನಾನು ನಿಜವಾದ ಸಾಲದ ಬಣ್ಣವನ್ನೇ ಹಿಡಿದೆ, ಶಾಕಾ ಭಾರತದವನು ತಾನೆ.

ಈಗ ಉಳಿದಿರುವುದು ಶಾಕಾನ ಜಪಮಾಲೆ. 108 ಮಣಿ, ಕಥೆಯಲ್ಲಿ ಒಬ್ಬೊಬ್ಬ ಸ್ಪೆಕ್ಟರ್ (ಹೇಡಿಸ್‌ನ ಯೋಧ) ಸತ್ತಾಗಲೂ ಒಂದೊಂದರ ಬಣ್ಣ ಬದಲಾಗುತ್ತದೆ. ಈ ಅಳತೆಗೆ ಸಾಸಿವೆಯೂ ದಪ್ಪವಾಯಿತು, ಗಸಗಸೆಗೆ ದಾರ ಪೋಣಿಸುವುದು ಆಗದ ಮಾತು. ಹಾಗಾಗಿ ತೆಳು ತಂತಿಯ ಮೇಲೆ ಫೆವಿಕಾಲ್ ಹನಿ ಹನಿಯಾಗಿ ಬಿಟ್ಟು ನೋಡುತ್ತಿದ್ದೇನೆ. ಯಾರಾದರೂ ಇಷ್ಟು ಸಣ್ಣ ಮಣಿ ಮಾಡಿದ್ದರೆ ಹೇಗಂತ ಹೇಳಿ.